ಎರಡು ದರ್ಜೆಯ ನಿಯಮ: ಯುವಿಯೈಟಿಸ್ ಮಾಪನದ ಒಂದು ಮರುವಿಚಾರ

ಅನೇಕ ಬಾರಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣಿನ ಮೇಲೆ ತಿರುಗಿಬಿದ್ದಾಗ ಹುಟ್ಟುವ ಯುವಿಯೈಟಿಸ್ ಉರಿಯೂತವನ್ನು ದರ್ಜೆಗಳಲ್ಲಿ ಅಳೆಯುವ ಪದ್ಧತಿಗೆ ಹೋಗನ್, ಕಿಮುರಾ, ಥೈಗೆಸನ್ ಅವರ 1959ರ ಲೇಖನ ಹಳೆಯ ಆಧಾರ. ಕಣ್ಣಿನೊಳಗಿನ ಜೆಲ್ಲಿಯಂಥ ವಿಟ್ರಿಯಸ್ಸಿನ ಮಬ್ಬಿಗೆ ನುಸೆನ್‌ಬ್ಲಾಟ್ ತಂಡದ 1985ರ ಮಾಪಕವಿದೆ. 2004ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ್ದ, ಯುವಿಯೈಟಿಸ್ ಪರಿಭಾಷೆಯನ್ನು ಏಕರೂಪಗೊಳಿಸುವ ಸನ್ (SUN) ಕಾರ್ಯತಂಡ ಮರುವರ್ಷ ಪ್ರಕಟಿಸಿದ ಮಾಪಕ ಈಗ ಎಲ್ಲೆಡೆ ಬಳಕೆಯಲ್ಲಿದೆ. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರು ಆ ಮಾಪಕದ ಒಂದು ನಿಯಮದ ಬಗ್ಗೆ. ಕತ್ತಲ ಕೋಣೆಯಲ್ಲಿ ಸ್ಲಿಟ್ ಲ್ಯಾಂಪಿನ ಒಂದು ಮಿಲಿಮೀಟರ್ ಉದ್ದಗಲದ ಬೆಳಕನ್ನು ಕಣ್ಣಿನ ಮುಂಕೋಣೆಗೆ ಓರೆಯಾಗಿ ಹಾಯಿಸಿದರೆ, ಬಿಸಿಲುಕೋಲಿನಲ್ಲಿ ದೂಳು ತೇಲುವಂತೆ ಬಿಳಿ ರಕ್ತಕಣಗಳು ಕಾಣುತ್ತವೆ. 1–5 ಕಣಗಳಿದ್ದರೆ ದರ್ಜೆ 0.5+, 6–15 ಇದ್ದರೆ 1+, 16–25 ಇದ್ದರೆ 2+, 26–50 ಇದ್ದರೆ 3+, ಅದಕ್ಕೂ ಮೀರಿದರೆ 4+. ಎರಡು ದರ್ಜೆ ಇಳಿದರೆ ಅಥವಾ ಸೊನ್ನೆ ಮುಟ್ಟಿದರೆ ಮಾತ್ರ ಅದು ಸುಧಾರಣೆ. ಅಡಾಲಿಮುಮಾಬ್ ಮದ್ದನ್ನು ಪರೀಕ್ಷಿಸಿದ ವಿಷುಯಲ್ ಪ್ರಯೋಗಗಳಲ್ಲೂ ಚಿಕಿತ್ಸೆ ಸೋತಿತೆನ್ನಲು ಎರಡು ದರ್ಜೆಯ ಏರಿಕೆ ಒಂದು ಮಾನದಂಡವಾಗಿತ್ತು. ಒಂದೇ ಕಣ್ಣನ್ನು ನೋಡಿದ ಇಬ್ಬರು ವೈದ್ಯರು ಒಂದು ದರ್ಜೆಯಷ್ಟು ಭಿನ್ನವಾಗಿ ಹೇಳುವುದುಂಟು, ಆದ್ದರಿಂದ ಎರಡು ದರ್ಜೆ ಬದಲಾದರೇ ನಂಬಬೇಕು ಎಂಬುದು ಇದರ ಸಮರ್ಥನೆ. ಕೆಂಪೆನ್ ಮತ್ತು ಸಹೋದ್ಯೋಗಿಗಳ 2008ರ ಅಧ್ಯಯನವೂ ಇದನ್ನೇ ಎತ್ತಿಹಿಡಿಯಿತು.

ಆದರೆ ಆ ಭಿನ್ನತೆಯಲ್ಲಿ ಎಷ್ಟು ವೈದ್ಯರದು, ಎಷ್ಟು ದರ್ಜೆಯ ಗಡಿಗಳದು? ಕಣಗಳು ದ್ರವದಲ್ಲಿ ಯಾದೃಚ್ಛಿಕವಾಗಿ ಹರಡಿವೆ ಎಂದುಕೊಂಡರೆ, ಎಣಿಕೆಯ ವರ್ಗಮೂಲದಷ್ಟು ಏರುಪೇರು ಸಹಜ. ಈಗ 16 ಕಣ ಕಂಡ ಕಣ್ಣಿನಲ್ಲಿ ಕ್ಷಣ ಬಿಟ್ಟು ನೋಡಿದರೆ 12 ಕಾಣಬಹುದು, 20 ಕಾಣಬಹುದು. ರೋಗ ಬದಲಾಗದಿದ್ದರೂ, ವೈದ್ಯರು ತಪ್ಪದಿದ್ದರೂ ದರ್ಜೆ ಬದಲಾಗಬಹುದು.

ಇನ್ನೊಂದು ತುದಿ ಇದಕ್ಕಿಂತ ಚಿಂತೆಯದು. ಒಬ್ಬ ರೋಗಿಯ ಕಣಗಳು 26ರಿಂದ 15ಕ್ಕೆ ಇಳಿದರೆ ದರ್ಜೆ 3+ನಿಂದ 1+ಗೆ ಬರುತ್ತದೆ, ಸುಧಾರಣೆಯೆಂದು ದಾಖಲಾಗುತ್ತದೆ. ಮತ್ತೊಬ್ಬರದು 50ರಿಂದ 26ಕ್ಕೆ ಇಳಿದರೆ ದರ್ಜೆ 3+ ಆಗಿಯೇ ಉಳಿಯುತ್ತದೆ. ಮೊದಲನೆಯ 11 ಕಣಗಳ ವ್ಯತ್ಯಾಸ ಸಹಜ ಏರುಪೇರಿನ (ವ್ಯತ್ಯಾಸಕ್ಕೆ ಅದು ಎರಡೂ ಎಣಿಕೆಗಳ ಮೊತ್ತದ ವರ್ಗಮೂಲ) ಸುಮಾರು ಒಂದೂಮುಕ್ಕಾಲು ಪಟ್ಟು. ಎರಡನೆಯ 24 ಕಣಗಳದು ಎರಡೂಮುಕ್ಕಾಲು ಪಟ್ಟು. ಹೆಚ್ಚು ನಂಬಬಹುದಾದ ಸುಧಾರಣೆಯೇ ಲೆಕ್ಕದಿಂದ ಹೊರಗುಳಿಯುತ್ತದೆ. ಮದ್ದು ಕೆಲಸ ಮಾಡುತ್ತಿದ್ದರೂ ಅದನ್ನು ಬದಲಿಸುವ ಅಪಾಯ ಇಲ್ಲಿದೆ.

ಹಾಗಾಗಿ ಎರಡು ದರ್ಜೆಯ ನಿಯಮ ತಾನು ತಡೆಯಹೊರಟ ದೋಷದ ಒಂದು ಪಾಲನ್ನು ತಾನೇ ಉಂಟುಮಾಡುತ್ತದೆ ಎಂದು ನನಗನಿಸುತ್ತದೆ. ಒಂದು ಪಾಲು ಎನ್ನುವುದನ್ನು ಗಮನಿಸಬೇಕು. ಬೆಚ್ಚಗಿನ ಐರಿಸ್ ಬಳಿ ದ್ರವ ಮೇಲೇರಿ, ತಂಪಾದ ಕಾರ್ನಿಯಾ ಬಳಿ ಕೆಳಗಿಳಿಯುವುದರಿಂದ ಕಣಗಳ ಹರಡುವಿಕೆ ಪೂರ್ತಿ ಯಾದೃಚ್ಛಿಕವಲ್ಲ. ನನ್ನ ಅಂದಾಜು ಕನಿಷ್ಠ ಮಿತಿಯಷ್ಟೇ. ಚಲಿಸುವ ಐವತ್ತು ಕಣಗಳನ್ನು ಸ್ಲಿಟ್ ಲ್ಯಾಂಪಿನಲ್ಲಿ ನೋಡುತ್ತ ನಿಖರವಾಗಿ ಎಣಿಸಲೂ ಆಗದು. ಮೇಲಿನ ದರ್ಜೆಗಳು ಅಗಲವಾಗಿರುವುದಕ್ಕೆ ಆ ಕಾರಣವೂ ಇದ್ದೀತು.

ಮುಂಕೋಣೆಯ ಓಸಿಟಿ (ಬೆಳಕಿನಿಂದ ತೆಗೆಯುವ ಅಡ್ಡಕೊಯ್ತದ) ಚಿತ್ರಗಳಿಂದ ಯಂತ್ರವೇ ಎಣಿಸುವ ವಿಧಾನಗಳು ಬಂದಿವೆ. ಕಣ ಮತ್ತು ವರ್ಣಕದ ಚೂರನ್ನು ಅವು ಎಷ್ಟು ಚೆನ್ನಾಗಿ ಬೇರ್ಪಡಿಸಬಲ್ಲವು ಎಂಬುದು ಇತ್ಯರ್ಥವಾಗಬೇಕು. ಅಲ್ಲಿಯವರೆಗೆ ವೈದ್ಯರಲ್ಲಿ ಒಂದು ಕೋರಿಕೆ: ಕೇಸ್ ಶೀಟಿನಲ್ಲಿ ದರ್ಜೆಯ ಪಕ್ಕದಲ್ಲಿ ಎಣಿಸಿದ ಸಂಖ್ಯೆಯನ್ನೂ ಬರೆದಿಡಿ.