ಊರಂಚಿನ ಹೆದ್ದಾರಿ, ಊರಿನವರ ಮಾತು: ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆ ವಿವಾದದ ಇತಿಹಾಸ

ಪೀಠಿಕೆ

ಹೆದ್ದಾರಿಯೊಂದರ ಪ್ರಸ್ತಾವ ಬಂದಾಗ ಜನರ ಮುಂದೆ ಮೂರು ಪ್ರಶ್ನೆಗಳಿರುತ್ತವೆ. ಈ ರಸ್ತೆ ಬೇಕೇ? ಬೇಕಾದರೆ ಎಲ್ಲಿ ಹಾಯಬೇಕು? ಜಮೀನು ಬಿಟ್ಟುಕೊಡುವವರಿಗೆ ಏನು ಸಿಗಬೇಕು? ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಯ ಎರಡು ದಶಕಗಳ ಚರಿತ್ರೆಯನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹೊರವಲಯದ ರೈತರಿಗೆ ನಮ್ಮ ವ್ಯವಸ್ಥೆ ಮೂರನೆಯ ಪ್ರಶ್ನೆಯನ್ನು ಮಾತ್ರ ಕೇಳಲು ಬಿಟ್ಟಿತು, ಮೊದಲೆರಡನ್ನು ಅವರು ಬಾಯಿ ತೆರೆಯುವ ಮುನ್ನವೇ ಇತ್ಯರ್ಥ ಮಾಡಿತ್ತು ಎಂಬುದು ಇಲ್ಲಿನ ಪ್ರಮುಖ ವಾದ.

ಮಲಪ್ರಭೆಯ ಹಿನ್ನೆಲೆ

ಸಾರ್ವಜನಿಕ ಕಾಮಗಾರಿಯ ಭಾರ ಯಾರು ಹೊರಬೇಕು ಎಂಬ ಚರ್ಚೆಗೆ ಕರ್ನಾಟಕದಲ್ಲಿ ಬಲ ಬಂದದ್ದು ರಸ್ತೆಯಿಂದಲ್ಲ, ಕಾಲುವೆಯಿಂದ. ನರಗುಂದ, ನವಲಗುಂದ ಭಾಗದ ರೈತರ ಮೇಲೆ ಮಲಪ್ರಭಾ ಯೋಜನೆಯ ಹೆಸರಿನಲ್ಲಿ ಅಭಿವೃದ್ಧಿ ಕರ ಬಿದ್ದಿತ್ತು. ನೀರು ಸರಿಯಾಗಿ ತಲುಪದ ಹೊಲಕ್ಕೂ ಕರ ಕೇಳಿದಾಗ ಅಸಮಾಧಾನ ಬಂಡಾಯವಾಯಿತು. 1980ರ ಜುಲೈ 21ರಂದು ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಆ ದಿನವನ್ನು ರಾಜ್ಯದ ರೈತರು ಇಂದಿಗೂ ಹುತಾತ್ಮ ದಿನವಾಗಿ ಆಚರಿಸುತ್ತಾರೆ. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಸರ್ಕಾರ ಯಾವುದನ್ನು ಅಭಿವೃದ್ಧಿ ಎನ್ನುತ್ತದೋ ಅದರ ಲೆಕ್ಕ ಕೇಳುವ ಹಕ್ಕು ಹೊಲದವನಿಗೂ ಇದೆ ಎಂಬ ಅರಿವು ಆ ಬಂಡಾಯದಿಂದ ನಾಡಿನುದ್ದಕ್ಕೂ ಹರಡಿತು. ಮುಂದೆ ಬೆಂಗಳೂರಿನ ಸುತ್ತಲಿನ ಭೂಸ್ವಾಧೀನ ವಿರೋಧಿ ಹೋರಾಟಗಳಲ್ಲಿ ಕೇಳಿಬಂದದ್ದು ಇದೇ ಪ್ರಶ್ನೆ.

ಮೊದಲ ಅಧ್ಯಾಯ: ಬೆಂಗಳೂರು–ಮೈಸೂರು ಕಾರಿಡಾರ್

ಪೆರಿಫೆರಲ್ ರಸ್ತೆಗೂ ಮೊದಲೇ ಬೆಂಗಳೂರಿನ ಹೊರವಲಯ ಒಂದು ಹೆದ್ದಾರಿ ವಿವಾದವನ್ನು ಕಂಡಿತ್ತು. 1995ರ ಫೆಬ್ರುವರಿ 20ರಂದು, ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, ಬೆಂಗಳೂರು–ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಯೋಜನೆಯ ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು. 1997ರ ಏಪ್ರಿಲ್ 3ರಂದು ಸರ್ಕಾರ ನೈಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಎರಡು ನಗರಗಳ ನಡುವೆ ಎಕ್ಸ್‌ಪ್ರೆಸ್ ರಸ್ತೆ, ಬೆಂಗಳೂರಿನ ಸುತ್ತ ಹೊರರಸ್ತೆ, ದಾರಿಯುದ್ದಕ್ಕೂ ಐದು ಟೌನ್‌ಶಿಪ್‌ಗಳು ಅದರಲ್ಲಿದ್ದವು. ಇವೆಲ್ಲಕ್ಕೆ ಗೊತ್ತುಮಾಡಿದ್ದು 20,193 ಎಕರೆ.

ರಸ್ತೆಗೆ ಇಷ್ಟೊಂದು ಜಮೀನು ಏಕೆ ಎಂಬ ಪ್ರಶ್ನೆ ರೈತರಿಂದಲೂ ರಾಜಕೀಯ ಪಕ್ಷಗಳಿಂದಲೂ ಬಂತು. ಒಪ್ಪಂದಕ್ಕೆ ಅಡಿಪಾಯ ಹಾಕಿದ ದೇವೇಗೌಡರೇ ಮುಂದೆ ಯೋಜನೆಯ ಕಟುಟೀಕಾಕಾರರಾದರು. 2006ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಒಪ್ಪಂದವನ್ನು ಎತ್ತಿಹಿಡಿದು, ಅದನ್ನು ಜಾರಿಗೊಳಿಸುವಂತೆ ರಾಜ್ಯಕ್ಕೆ ಸೂಚಿಸಿತು. ಆದರೂ ವಿವಾದ ತಣಿಯಲಿಲ್ಲ. ಟಿ.ಬಿ. ಜಯಚಂದ್ರ ಅಧ್ಯಕ್ಷತೆಯ ಸದನ ಸಮಿತಿ 2016ರಲ್ಲಿ ಯೋಜನೆಯ ಅಕ್ರಮಗಳ ಕುರಿತು ವರದಿ ಕೊಟ್ಟಿತು. ಬೆಂಗಳೂರಿನ ದಕ್ಷಿಣ ಮತ್ತು ಪಶ್ಚಿಮ ಅಂಚಿನಲ್ಲಿ ನೈಸ್ ರಸ್ತೆ ಎಂದೇ ಹೆಸರಾದ ಹೊರರಸ್ತೆ ಓಡಾಟಕ್ಕೆ ತೆರೆಯಿತು, ಮೈಸೂರಿನವರೆಗಿನ ಎಕ್ಸ್‌ಪ್ರೆಸ್ ರಸ್ತೆ ಮಾತ್ರ ಪೂರ್ಣಗೊಳ್ಳಲಿಲ್ಲ.

ಪೆರಿಫೆರಲ್ ರಸ್ತೆ: ಅಧಿಸೂಚನೆಯಿಂದ ಅನಿಶ್ಚಿತತೆಗೆ

ನೈಸ್ ರಸ್ತೆ ಸುತ್ತಿದ್ದು ನಗರದ ಅರ್ಧವನ್ನು. ತುಮಕೂರು ರಸ್ತೆಯಿಂದ ಹೊರಟು ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆ ಸೇರುವ ಇನ್ನರ್ಧಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಸುಮಾರು 65 ಕಿ.ಮೀ. ಉದ್ದದ ಪೆರಿಫೆರಲ್ ವರ್ತುಲ ರಸ್ತೆಯನ್ನು ರೂಪಿಸಿತು. ಊರೊಳಗೆ ಕೆಲಸವಿಲ್ಲದ ಲಾರಿಗಳು ಊರ ಹೊರಗೇ ಹಾದುಹೋಗಲಿ ಎಂಬುದು ಅದರ ಆಶಯ. ಆ ಆಶಯದಲ್ಲಿ ತಪ್ಪೇನಿಲ್ಲ. ಹಿಂದೆ ನಗರದ ಹೊರಗಿದ್ದ ಔಟರ್ ರಿಂಗ್ ರೋಡ್ ಅಷ್ಟರಲ್ಲಿ ನಗರದ ಒಳಗೇ ಸೇರಿಹೋಗಿತ್ತು.

2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದವು. ಆಗ ಗುರುತಿಸಿದ್ದು 1,810 ಎಕರೆ, ಮುಂದೆ ಅದಕ್ಕೆ ಇನ್ನಷ್ಟು ಸೇರಿತು. ಅಧಿಸೂಚನೆಯ ನೆರಳು ಬಿದ್ದ ಜಮೀನಿನ ಕಥೆ ಹೊರವಲಯದ ಪ್ರತಿ ಹಳ್ಳಿಯಲ್ಲೂ ಒಂದೇ. ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಕೊಳ್ಳುವವರು ಮುಂದೆ ಬರುವುದಿಲ್ಲ, ಮಕ್ಕಳಿಗೆ ಪಾಲು ಮಾಡಿಕೊಡುವುದೂ ತೊಡಕು, ಮನೆ ಕಟ್ಟಲು ಅನುಮತಿ ಇಲ್ಲ. ಸರ್ಕಾರ ಹಣ ಕೊಟ್ಟು ಜಮೀನನ್ನು ವಶಕ್ಕೆ ಪಡೆಯುವುದೂ ಇಲ್ಲ, ಕೈಬಿಡುವುದೂ ಇಲ್ಲ. ನೆರೆಯ ಸರ್ವೆ ನಂಬರಿನಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿರುವಾಗ ಅಧಿಸೂಚಿತ ಜಮೀನಿನವರು ಒಂದು ಇಡೀ ತಲೆಮಾರು ಕಾಯುತ್ತ ಕುಳಿತರು. ಈ ಕಾಯುವಿಕೆಯ ನಷ್ಟವನ್ನು ಯಾವ ಪರಿಹಾರದ ಸೂತ್ರವೂ ಎಣಿಸಿಲ್ಲ.

ಎರಡು ಕಾಯ್ದೆಗಳ ನಡುವೆ

2014ರ ಜನವರಿ 1ರಂದು ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂತು. 2013ರಲ್ಲಿ ಅಂಗೀಕಾರವಾದ ಈ ಕಾಯ್ದೆ ಗ್ರಾಮೀಣ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ, ನಗರದಲ್ಲಿ ಎರಡು ಪಟ್ಟು ಪರಿಹಾರಕ್ಕೆ ಅವಕಾಶ ಕೊಟ್ಟಿತು. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ, ಖಾಸಗಿ ಸಹಭಾಗಿತ್ವದ ಯೋಜನೆಗಳಿಗೆ ಭೂಮಾಲೀಕರ ಒಪ್ಪಿಗೆಯನ್ನೂ ಕಡ್ಡಾಯಗೊಳಿಸಿತು. ಬ್ರಿಟಿಷರ ಕಾಲದ 1894ರ ಕಾಯ್ದೆಯಲ್ಲಿ ಇದ್ದದ್ದು ಅಧಿಸೂಚನೆಯ ದಿನದ ಬೆಲೆ, ಅದರ ಮೇಲೆ ಶೇ 30ರಷ್ಟು ಸಾಂತ್ವನ ಮೊತ್ತ ಮತ್ತು ಒಂದಿಷ್ಟು ಹೆಚ್ಚುವರಿ.

ರೈತರು ಹೊಸ ಕಾಯ್ದೆಯ ದರ ಕೇಳಿದರು. ಬಿಡಿಎ ತನ್ನ 1976ರ ಕಾಯ್ದೆಯನ್ನು ಮುಂದಿಟ್ಟು, ತನಗೆ ಅನ್ವಯಿಸುವುದು 1894ರ ನಿಯಮಗಳೇ ಎಂದಿತು. 2022ರ ಜನವರಿ 20ರಂದು ಸುಪ್ರೀಂ ಕೋರ್ಟ್, ಬಿಡಿಎ ಕಾಯ್ದೆಯಡಿಯ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸದು ಎಂದು ತೀರ್ಪಿತ್ತಿತು. ಕಾನೂನಿನ ದೃಷ್ಟಿಯಲ್ಲಿ ಪ್ರಶ್ನೆ ಮುಗಿಯಿತು, ನ್ಯಾಯದ ದೃಷ್ಟಿಯಲ್ಲಿ ಮುಗಿಯಲಿಲ್ಲ. ಒಂದೇ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿಗೆ ಜಮೀನು ಕೊಟ್ಟವನಿಗೆ ಒಂದು ದರ, ಬಿಡಿಎ ರಸ್ತೆಗೆ ಕೊಟ್ಟವನಿಗೆ ಇನ್ನೊಂದು ದರ ಏಕೆ ಎಂಬುದಕ್ಕೆ ರೈತರಿಗೆ ಒಪ್ಪುವ ಉತ್ತರ ಸಿಗಲಿಲ್ಲ.

ಮರದ ಲೆಕ್ಕ

ವಿವಾದದ ಇನ್ನೊಂದು ಮುಖ ಪರಿಸರ. ರಸ್ತೆಗೆ 2014ರ ನವೆಂಬರ್‌ನಲ್ಲಿ ಪರಿಸರ ಅನುಮತಿ ಸಿಕ್ಕಿತ್ತು. ಅದನ್ನು ಪ್ರಶ್ನಿಸಿದ ನಾಗರಿಕರ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಫೆಬ್ರುವರಿ 8ರಂದು ಹೊಸದಾಗಿ ಪರಿಸರ ಪರಿಣಾಮದ ಅಧ್ಯಯನ ನಡೆಸಲು ಸೂಚಿಸಿತು. ಬಿಡಿಎ ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಹೋಯಿತು. 2020ರ ಮಾರ್ಚ್ 17ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಮೊದಲ ಅಧ್ಯಯನದ ಲೋಪಗಳನ್ನು ಒಂದೊಂದಾಗಿ ಎತ್ತಿ ತೋರಿಸಿತು. ಮಾಹಿತಿ ಹಳೆಯದಾಗಿತ್ತು. ಅರಣ್ಯಭೂಮಿಯ ಬಗ್ಗೆ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ತಿಪ್ಪಗೊಂಡನಹಳ್ಳಿ ಜಲಾಶಯದ ಪ್ರಶ್ನೆಯೂ ಪೆಟ್ರೋಲಿಯಂ ಕೊಳವೆಮಾರ್ಗದ ಪ್ರಶ್ನೆಯೂ ವಿಚಾರಣೆಗೆ ಬಂದವು. ಕಡಿಯಬೇಕಾದ ಮರಗಳು ಸುಮಾರು 200 ಎಂಬ ಆರಂಭದ ಲೆಕ್ಕ ಆಮೇಲೆ 16,685ಕ್ಕೆ ಏರಿತ್ತು. ಹೊಸ ಅಧ್ಯಯನ ಮುಗಿಯುವವರೆಗೆ ಅನುಮತಿಯನ್ನು ಕೋರ್ಟ್ ಅಮಾನತಿನಲ್ಲಿಟ್ಟಿತು. ಆ ಹೊಸ ಅಧ್ಯಯನದಲ್ಲಿ ಮರಗಳ ಸಂಖ್ಯೆ 33,838 ಆಯಿತು.

200 ಮರಗಳ ಲೆಕ್ಕ ನೋಡಿ ಒಪ್ಪಿಗೆ ಸೂಚಿಸಿದವನ ಒಪ್ಪಿಗೆಯನ್ನು 33,838 ಮರಗಳಿಗೂ ಸಂದದ್ದೆಂದು ತಿಳಿಯುವುದು ಹೇಗೆ? ಸಾರ್ವಜನಿಕ ಅಹವಾಲು ಸಭೆ ನಡೆದ ಮಾತ್ರಕ್ಕೆ ಸಾರ್ವಜನಿಕ ಚರ್ಚೆ ನಡೆದಂತಾಗದು. ಜನರ ಕೈಗೆ ಮೊದಲು ಸರಿಯಾದ ಮಾಹಿತಿ ಸೇರಬೇಕು.

"ಬೇಡ" ಎನ್ನುವ ಹಕ್ಕು ಯಾರಿಗೆ?

ಇದೇ ಅವಧಿಯಲ್ಲಿ ಬೆಂಗಳೂರಿನ ಒಳಗೆ ನಡೆದ ಇನ್ನೊಂದು ಚರ್ಚೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗಾಗಿ 812 ಮರಗಳನ್ನು ಕಡಿಯಬೇಕಿತ್ತು. 2016ರ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು "ಸ್ಟೀಲ್ ಫ್ಲೈಓವರ್ ಬೇಡ" ಎಂದು ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ವಿದೇಶದ ನಗರಗಳಲ್ಲೂ ಇಂಥ ನಿರ್ಧಾರಗಳಾಗಿವೆ. ಸ್ಯಾನ್ ಫ್ರಾನ್ಸಿಸ್ಕೋದ ಚುನಾಯಿತ ಮಂಡಳಿ 1959ರಲ್ಲಿ ಹಲವು ಹೆದ್ದಾರಿ ಪ್ರಸ್ತಾವಗಳನ್ನು ತಳ್ಳಿಹಾಕಿತು. ಟೊರಾಂಟೊದಲ್ಲಿ ಬಡಾವಣೆಗಳನ್ನು ಸೀಳಿ ಹೋಗಬೇಕಿದ್ದ ಸ್ಪಡೈನಾ ಎಕ್ಸ್‌ಪ್ರೆಸ್ ರಸ್ತೆಯನ್ನು 1971ರಲ್ಲಿ ಅರ್ಧಕ್ಕೇ ನಿಲ್ಲಿಸಲಾಯಿತು.

ಬೆಂಗಳೂರಿನಲ್ಲಿ ನಗರದ ನಡುವೆ ಇರುವವರ "ಬೇಡ" ಎಂಬ ಮಾತು ತಿಂಗಳುಗಳಲ್ಲಿ ವಿಧಾನಸೌಧವನ್ನು ತಲುಪಿತು. ಅಂಚಿನ ಹಳ್ಳಿಯವರ ಮಾತು ಎರಡು ದಶಕ ಕಳೆದರೂ "ಎಷ್ಟು ಕೊಡುತ್ತೀರಿ" ಎಂಬಲ್ಲಿಂದ ಮುಂದೆ ಸಾಗಲಿಲ್ಲ. ಈ ಅಂತರವೇ ಈ ಇತಿಹಾಸದ ತಿರುಳು.

"ಬೇಕು" ಎನ್ನುವವರೂ ಇದ್ದಾರೆ

ರಸ್ತೆ ಬೇಕೆನ್ನುವವರ ನೋವೂ ಅಷ್ಟೇ ನಿಜ. ಉತ್ತರ ಕರ್ನಾಟಕದ ನಮ್ಮ ಭಾಗದವರು ನಿತ್ಯ ಬಳಸುವ ಹುಬ್ಬಳ್ಳಿ–ಧಾರವಾಡ ಬೈಪಾಸ್ ಸುಮಾರು 30 ಕಿ.ಮೀ. ಉದ್ದಕ್ಕೂ ದ್ವಿಪಥವಾಗಿಯೇ ಉಳಿದಿತ್ತು. 2021ರ ಜನವರಿ 15ರಂದು ಇಟಿಗಟ್ಟಿ ಬಳಿ ನಡೆದ ಅಪಘಾತದಲ್ಲಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಮಹಿಳೆಯರು ಜೀವ ಕಳೆದುಕೊಂಡರು. ಅಗಲೀಕರಣಕ್ಕಾಗಿ ಮೃತರ ಕುಟುಂಬದವರೂ ನಾಗರಿಕರೂ ದನಿ ಎತ್ತಿದರು. 2022ರಲ್ಲಿ ಷಟ್ಪಥ ಕಾಮಗಾರಿಗೆ ಶಂಕುಸ್ಥಾಪನೆಯಾಯಿತು. ಮುಂದಾಲೋಚನೆಯಿಲ್ಲದೆ ಕಿರಿದಾಗಿ ಕಟ್ಟಿದ ರಸ್ತೆ ಜೀವಗಳನ್ನು ಬಲಿ ಪಡೆಯುತ್ತದೆ, ಜನರನ್ನು ಕೇಳದೆ ಗೆರೆ ಎಳೆದ ರಸ್ತೆ ಬದುಕುಗಳನ್ನು ತಡೆಹಿಡಿಯುತ್ತದೆ. ಎರಡಕ್ಕೂ ಮೂಲ ಒಂದೇ. ಸಕಾಲದಲ್ಲಿ ಮುಕ್ತ ಚರ್ಚೆ ನಡೆಯಲಿಲ್ಲ.

ಉಪಸಂಹಾರ

ಪೆರಿಫೆರಲ್ ರಸ್ತೆ ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರು ಪಡೆದಿದೆ. ವೆಚ್ಚದ ಅಂದಾಜು 27,000 ಕೋಟಿ ರೂಪಾಯಿಯ ಮಟ್ಟಕ್ಕೆ ಏರಿದ್ದೂ ಉಂಟು. ನಗದಿನ ಜೊತೆಗೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಅಭಿವೃದ್ಧಿಪಡಿಸಿದ ನಿವೇಶನಗಳಂಥ ಆಯ್ಕೆಗಳನ್ನು ಸರ್ಕಾರ ರೈತರ ಮುಂದಿಟ್ಟಿದೆ. ಇದು ಮೊದಲಿಗಿಂತ ಮೇಲು. ಆದರೆ ಇದೂ ಮೂರನೆಯ ಪ್ರಶ್ನೆಗೆ ಕೊಟ್ಟ ಉತ್ತರವೇ ಹೊರತು ಮೊದಲೆರಡಕ್ಕಲ್ಲ.

ಈ ಚರಿತ್ರೆಯಿಂದ ಮೂರು ಪಾಠಗಳನ್ನು ಕಲಿಯಬಹುದು. ರಸ್ತೆಯ ಗೆರೆ ಎಳೆಯುವ ಮುನ್ನವೇ ಗ್ರಾಮಸಭೆಯಲ್ಲಿ ಚರ್ಚೆಯಾಗಲಿ. ಮರ, ಕೆರೆ, ಮನೆಗಳ ಎಣಿಕೆ ಕನ್ನಡದಲ್ಲಿ ಪ್ರಕಟವಾಗಿ ಎಲ್ಲರ ಪರಿಶೀಲನೆಗೆ ಸಿಗಲಿ. ನಿಗದಿತ ಅವಧಿಯಲ್ಲಿ ಪರಿಹಾರ ಕೊಡಲಾಗದಿದ್ದರೆ ಅಧಿಸೂಚನೆ ತಾನಾಗಿ ರದ್ದಾಗಿ ಜಮೀನು ಬಿಡುಗಡೆಯಾಗಲಿ. ನಾಳೆ ಗದಗ, ಹುಬ್ಬಳ್ಳಿ, ಬೆಳಗಾವಿಗಳ ಅಂಚಿನಲ್ಲೂ ಇಂಥ ರಸ್ತೆಗಳ ಪ್ರಸ್ತಾವ ಬರುತ್ತದೆ. ಆಗ ನಮ್ಮ ಹಳ್ಳಿಗಳ ಜನ ಪರಿಹಾರದ ಮೊತ್ತಕ್ಕಷ್ಟೇ ತೃಪ್ತರಾಗದೆ, ರಸ್ತೆ ಬೇಕೇ, ಎಲ್ಲಿ ಬೇಕು ಎಂಬ ಪ್ರಶ್ನೆಗಳನ್ನು ಮೊದಲ ದಿನವೇ ಕೇಳಬೇಕು. ಆ ಪ್ರಶ್ನೆಗಳಿಗೆ ಉತ್ತರಿಸುವುದು ಸರ್ಕಾರದ ಕರ್ತವ್ಯ.