ಶರಾವತಿ ಹಿನ್ನೀರಿನ ಆಚೆ ದಡ: ಲಾಂಚ್ ಕಾಲದ ತುಮರಿ, ಸೇತುವೆ ಕಾಲದ ಸಿಗಂದೂರು

ನಾರ್ವೆ ದೇಶದ ಗೈರಾಂಗರ್ ಫ್ಯೋರ್ಡ್ ಜಗತ್ತಿನ ನೌಕಾ ಪ್ರವಾಸಿಗರ ಮೆಚ್ಚಿನ ತಾಣ. ಹಿಮನದಿ ಕೊರೆದ ಕಡಿದಾದ ಕಣಿವೆಗೆ ಕಡಲು ನುಗ್ಗಿ ಉಂಟಾದ ಈ ಜಲಮಾರ್ಗದ ತುದಿಯಲ್ಲಿ ಪುಟ್ಟ ಹಳ್ಳಿಯೊಂದಿದೆ. ಅದನ್ನು ಕಾಣಲೆಂದೇ ಬೃಹತ್ ಹಡಗುಗಳು ಬರುತ್ತವೆ. ಕರ್ನಾಟಕದಲ್ಲಿ ಫ್ಯೋರ್ಡ್ ಇಲ್ಲ. ಆದರೆ ಬೆಟ್ಟಗಳ ನಡುವೆ ಮೈಚಾಚಿದ ನೀರನ್ನು ದಾಟಿ ಹಳ್ಳಿಯೊಂದನ್ನು ಸೇರುವ ಅನುಭವಕ್ಕೆ ಶಿವಮೊಗ್ಗ ಜಿಲ್ಲೆಯ ಜನ ದಶಕಗಳ ಕಾಲ ಒಗ್ಗಿಕೊಂಡಿದ್ದರು. ಸಾಗರ ತಾಲ್ಲೂಕಿನ ಹೊಳೆಬಾಗಿಲಿನಲ್ಲಿ ಲಾಂಚ್ ಏರಿ ಸಿಗಂದೂರು, ತುಮರಿಗಳತ್ತ ಸಾಗುತ್ತಿದ್ದ ಪಯಣವೇ ಅದು. ವ್ಯತ್ಯಾಸವೊಂದೇ: ಅಲ್ಲಿ ನೀರು ತಂದದ್ದು ಪ್ರಕೃತಿ, ಇಲ್ಲಿ ಅಣೆಕಟ್ಟು.

ನದಿ ಸಮುದ್ರವಾದ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಈ ನದಿಯ ನೀರಿನಿಂದ ವಿದ್ಯುತ್ ಪಡೆಯುವ ದೊಡ್ಡ ಪ್ರಯತ್ನ ಮೈಸೂರು ಸಂಸ್ಥಾನದ ಕಾಲದಲ್ಲೇ ಆರಂಭವಾಯಿತು. ಇಂದು ಮಹಾತ್ಮ ಗಾಂಧಿ ವಿದ್ಯುದಾಗಾರ ಎಂದು ಕರೆಯಲಾಗುವ ಜೋಗದ ಸ್ಥಾವರ 1948ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೆ ನೀರುಣಿಸಲು ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ನಿರ್ಮಾಣವಾಗಿತ್ತು.

1964ರಲ್ಲಿ ಲಿಂಗನಮಕ್ಕಿ ಜಲಾಶಯ ಸಿದ್ಧವಾದಾಗ ಹಿರೇಭಾಸ್ಕರ ಅಣೆಕಟ್ಟೇ ನೀರಿನೊಳಗೆ ಸೇರಿಹೋಯಿತು. 1819 ಅಡಿ ಗರಿಷ್ಠ ಮಟ್ಟದ, ಸುಮಾರು 151 ಟಿಎಂಸಿ ಅಡಿ ಸಾಮರ್ಥ್ಯದ ಈ ಜಲಾಶಯ ತುಂಬಿದರೆ ಸುಮಾರು 300 ಚದರ ಕಿಲೋಮೀಟರ್ ಪ್ರದೇಶ ಜಲಾವೃತವಾಗುತ್ತದೆ. ಬೆಟ್ಟದ ತುದಿಗಳು ನಡುಗಡ್ಡೆಗಳಾದವು. ಗದ್ದೆ ಬಯಲು, ಅಡಿಕೆ ತೋಟ, ಮನೆ, ಗುಡಿ, ಹಳೆಯ ದಾರಿಗಳು ಮುಳುಗಿದವು. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ನೀರು ಒದಗಿಸುವುದು ಇದೇ ಜಲಾಶಯ. ನಾಡಿನ ನಗರಗಳಲ್ಲಿ ದೀಪ ಉರಿಯಲು ಈ ಕಣಿವೆ ತೆತ್ತ ಬೆಲೆ ಅದು.

ತೀವ್ರ ಬರಗಾಲದ ಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರ ಅಣೆಕಟ್ಟಿನ ಅವಶೇಷ ಮತ್ತೆ ತಲೆಯೆತ್ತುತ್ತದೆ. ಆಗ ದಡದುದ್ದಕ್ಕೂ ಕಾಣುವ ಕಪ್ಪು ಮರದ ಬೊಡ್ಡೆಗಳು, ಇದು ಒಂದು ಕಾಲಕ್ಕೆ ಕಾಡಾಗಿತ್ತೆಂಬುದನ್ನು ನೆನಪಿಸುತ್ತವೆ.

ದ್ವೀಪವಾದ ಹೋಬಳಿ

ಹಿನ್ನೀರಿನ ಪಶ್ಚಿಮಕ್ಕೆ ಉಳಿದುಕೊಂಡ ಕರೂರು-ಬಾರಂಗಿ ಸೀಮೆಯ ಮುಖ್ಯ ಊರು ತುಮರಿ. ಭೂಪಟದ ಲೆಕ್ಕದಲ್ಲಿ ಇದು ಪೂರ್ಣ ದ್ವೀಪವಲ್ಲ. ಕೊಲ್ಲೂರಿನ ದಿಕ್ಕಿನಲ್ಲಿ ಭೂಮಿಯ ಸಂಪರ್ಕವಿದೆ. ಆದರೆ ತಾಲ್ಲೂಕು ಕಚೇರಿ, ನ್ಯಾಯಾಲಯ, ದೊಡ್ಡ ಆಸ್ಪತ್ರೆ, ಕಾಲೇಜು ಎಲ್ಲವೂ ನೀರಿನ ಈಚೆಯ ಸಾಗರದಲ್ಲಿದ್ದವು. ರಸ್ತೆಯಲ್ಲೇ ಹೋಗಬೇಕೆಂದರೆ ಘಟ್ಟದ ದಾರಿಯಲ್ಲಿ ಹತ್ತಾರು ಕಿಲೋಮೀಟರ್ ಸುತ್ತಬೇಕು. ಹೀಗಾಗಿ ಜನರ ಬದುಕು ಲಾಂಚ್‌ನ ವೇಳಾಪಟ್ಟಿಗೆ ಕಟ್ಟುಬಿದ್ದಿತ್ತು.

ಬಸ್ಸು, ಕಾರು, ಅಡಿಕೆ ಮೂಟೆ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ಸಾಗುತ್ತಿದ್ದ ಚಪ್ಪಟೆ ತಳದ ಈ ಲಾಂಚ್ ಪ್ರವಾಸಿಗರಿಗೆ ವಿಹಾರ ನೌಕೆ, ಸ್ಥಳೀಯರಿಗೆ ಊರಿನ ಹೆಬ್ಬಾಗಿಲು. ಹಬ್ಬ, ರಜಾದಿನಗಳಲ್ಲಿ ವಾಹನಗಳ ಸಾಲು ಬೆಳೆದಾಗ ಊರವರೂ ಕಾಯಬೇಕಾಗುತ್ತಿತ್ತು. ಮಳೆ ತಡವಾದ ವರ್ಷಗಳಲ್ಲಿ ನೀರು ಕುಸಿದು ವಾಹನ ಸಾಗಣೆಯೇ ನಿಲ್ಲುತ್ತಿತ್ತು. ಕತ್ತಲಾದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಡಿದರೆ ಆಚೆ ದಡ ಸೇರುವುದು ಹೇಗೆಂಬ ಚಿಂತೆ ಪ್ರತಿ ಮನೆಯಲ್ಲೂ ಇತ್ತು. ಪ್ರವಾಸಿಗರ ಛಾಯಾಚಿತ್ರಗಳಲ್ಲಿ ಕಾಣದ ಮಗ್ಗುಲು ಇದು. ಹಿನ್ನೀರಿನ ಹಸಿರುಮಕ್ಕಿ, ಮುಪ್ಪಾನೆ ಕಡವುಗಳಿಗೂ ಇಂತಹದೇ ಕಥೆಯಿದೆ.

ಸೇತುವೆ ಬಂತು

ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆ ನೆರವೇರಿತು. ಸುಮಾರು 470 ಕೋಟಿ ರೂಪಾಯಿ ವೆಚ್ಚದ, 2.44 ಕಿಲೋಮೀಟರ್ ಉದ್ದದ, ಕೇಬಲ್ ಆಧಾರಿತ ಈ ಸೇತುವೆಯನ್ನು 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಸಿಗಂದೂರು ಚೌಡೇಶ್ವರಿಯ ಹೆಸರನ್ನು ಸೇತುವೆಗೆ ಇಡಲಾಗಿದೆ. ಜಲಾಶಯ ತುಂಬಿ ಆರು ದಶಕಗಳ ಬಳಿಕ ಆಚೆ ದಡಕ್ಕೆ ಹಗಲಿರುಳೂ ತೆರೆದಿರುವ ದಾರಿ ದೊರೆಯಿತು.

ಸೇತುವೆ ಎಲ್ಲ ಸಮಸ್ಯೆಗಳನ್ನೂ ತೊಳೆದಿಲ್ಲ. ಮುಳುಗಡೆಯಾದಾಗ ಅನೇಕ ಸಂತ್ರಸ್ತ ಕುಟುಂಬಗಳು ಜಿಲ್ಲೆಯ ಬೇರೆಡೆ ಅರಣ್ಯಭೂಮಿಯಲ್ಲಿ ನೆಲೆಗೊಂಡವು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಯಾದ ಬಳಿಕ ಆ ಭೂಮಿಯ ಹಕ್ಕುಪತ್ರದ ಪ್ರಶ್ನೆ ಮತ್ತಷ್ಟು ಜಟಿಲವಾಯಿತು. ತಲೆಮಾರುಗಳು ಉರುಳಿದರೂ ಉಳುವ ನೆಲ ತಮ್ಮದೆನ್ನಲು ಕಾಗದವಿಲ್ಲದ ಸ್ಥಿತಿ ಶಿವಮೊಗ್ಗದ ರಾಜಕಾರಣದಲ್ಲಿ ಪದೇ ಪದೇ ಪ್ರತಿಧ್ವನಿಸುತ್ತಿದೆ.

ಈ ನೋವಿಗೆ ಸಾಹಿತ್ಯದಲ್ಲಿ ದನಿಯಾದವರು ಸಾಗರದ ಕಾದಂಬರಿಕಾರ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಮುಳುಗಡೆಯನ್ನು ಹತ್ತಿರದಿಂದ ಕಂಡ ಅವರು 2025ರ ಜನವರಿಯಲ್ಲಿ, ಸೇತುವೆ ಉದ್ಘಾಟನೆಗೆ ಕೆಲವೇ ತಿಂಗಳ ಮೊದಲು, ನಿಧನರಾದರು. ಅವರ ‘ದ್ವೀಪ’ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಚಿತ್ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿತು. ಆಚೆ ದಡಕ್ಕೆ ಹೊರಡುವ ಮುನ್ನ ಆ ಪುಸ್ತಕವನ್ನು ಓದಿಕೊಂಡವರಿಗೆ ನೀರು ಬೇರೆಯದೇ ರೀತಿಯಲ್ಲಿ ಕಾಣುತ್ತದೆ.

ಹೋಗುವುದು ಹೇಗೆ?

ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಹಣ್ಣುಕಾಯಿ, ಹೂವು ಕೊಂಡು ಹೊರಟವರಿಗೆ ಆಯನೂರು, ಕುಂಸಿ, ಆನಂದಪುರ ಮಾರ್ಗವಾಗಿ ಸಾಗರ ಸುಮಾರು 70 ಕಿಲೋಮೀಟರ್. ರೈಲಿನಲ್ಲಿ ಬರುವವರು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಶಿವಮೊಗ್ಗದಲ್ಲಿ 2023ರಿಂದ ವಿಮಾನ ನಿಲ್ದಾಣವೂ ಇದೆ. ಸಾಗರದಿಂದ ಅಂಬಾರಗೋಡ್ಲಿಗೆ ಸುಮಾರು 30 ಕಿಲೋಮೀಟರ್. ಸೇತುವೆ ದಾಟಿದರೆ ಕಳಸವಳ್ಳಿ. ಅಲ್ಲಿಂದ ಸಿಗಂದೂರು ಸಮೀಪ. ಮುಂದೆ ಸಾಗುವವರು ಕೊಲ್ಲೂರನ್ನೂ ತಲುಪಬಹುದು.

ಸಿಗಂದೂರು ಚೌಡೇಶ್ವರಿ ಕಳ್ಳಕಾಕರಿಂದ ಆಸ್ತಿಯನ್ನು ಕಾಯುವ ದೇವಿ ಎಂಬ ನಂಬಿಕೆ ಪ್ರಬಲವಾಗಿದೆ. ದೇವಿಯ ಕಾವಲಿದೆ ಎಂಬ ಫಲಕಗಳನ್ನು ಮಲೆನಾಡಿನ ತೋಟ, ಮನೆಗಳ ಮುಂದೆ ಕಾಣಬಹುದು. ಮಕರ ಸಂಕ್ರಾಂತಿಯ ಸಮಯದಲ್ಲಿ ಇಲ್ಲಿ ಜಾತ್ರೆ ನಡೆಯುತ್ತದೆ. ಜನಜಂಗುಳಿ ಬೇಡವೆನ್ನುವವರು ಆ ದಿನಗಳನ್ನು ತಪ್ಪಿಸುವುದು ಒಳಿತು.

ಮಳೆಗಾಲ ಮುಗಿದು ಜಲಾಶಯ ತುಂಬಿರುವ ಅಕ್ಟೋಬರ್‌ನಿಂದ ಜನವರಿವರೆಗಿನ ಅವಧಿ ಭೇಟಿಗೆ ಪ್ರಶಸ್ತ. ನೀರಿನ ಮೇಲೆ ಸಾಗುವ ಬಯಕೆಯುಳ್ಳವರಿಗೆ ಸಾಗರ ಸಮೀಪದ ಹೊನ್ನೇಮರಡು ಜಲಸಾಹಸ ಕ್ರೀಡೆಗಳ ತಾಣವಾಗಿ ಹೆಸರಾಗಿದೆ. ಮೇಲ್ನೋಟಕ್ಕೆ ಶಾಂತವಾಗಿ ಕಂಡರೂ ಹಿನ್ನೀರು ಅಪಾಯಕಾರಿ. ತಳದಲ್ಲಿ ಮರದ ಬೊಡ್ಡೆಗಳಿವೆ, ಆಳ ಒಮ್ಮೆಲೇ ಬದಲಾಗುತ್ತದೆ. ಜೀವರಕ್ಷಕ ಜಾಕೆಟ್ ಇಲ್ಲದೆ, ತಿಳಿದವರ ನೆರವಿಲ್ಲದೆ ನೀರಿಗಿಳಿಯಬಾರದು.

ಮುಂದೇನು?

ಗೈರಾಂಗರ್ ಫ್ಯೋರ್ಡ್ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಡಗುಗಳ ಹೊಗೆ ಕಣಿವೆಯಲ್ಲಿ ಮಡುಗಟ್ಟತೊಡಗಿದಾಗ ನಾರ್ವೆ ಕಠಿಣ ನಿಯಮಕ್ಕೆ ಮುಂದಾಯಿತು. ವಿಶ್ವ ಪರಂಪರೆಯ ಫ್ಯೋರ್ಡ್‌ಗಳಲ್ಲಿ 10,000 ಗ್ರಾಸ್ ಟನ್‌ಗಿಂತ ಚಿಕ್ಕ ಪ್ರಯಾಣಿಕ ಹಡಗುಗಳಿಗೆ 2026ರಿಂದ, ದೊಡ್ಡವುಗಳಿಗೆ 2032ರಿಂದ ಶೂನ್ಯ ಹೊಗೆಯ ಷರತ್ತು ವಿಧಿಸಲಾಗಿದೆ. ನೋಡಲು ಬರುವವರ ಸಂಖ್ಯೆಯೇ ನೋಟವನ್ನು ಕೆಡಿಸಬಲ್ಲದು ಎಂಬುದು ಅಲ್ಲಿಯ ಪಾಠ.

ಶರಾವತಿಗೂ ಆ ಪಾಠ ಅನ್ವಯಿಸುತ್ತದೆ. ಹಿನ್ನೀರಿನ ಸುತ್ತಲಿನ ಕಾಡಿನ ಬಹುಭಾಗ ಸಿಂಗಳೀಕಗಳ ನೆಲೆಯಾದ ಅಭಯಾರಣ್ಯ. ಹಿಂದೆ ಒಂದು ಸರದಿಗೆ ಎಷ್ಟು ವಾಹನ ದಾಟಬೇಕೆಂಬುದನ್ನು ಲಾಂಚ್‌ನ ಅಳತೆಯೇ ನಿರ್ಧರಿಸುತ್ತಿತ್ತು. ಸೇತುವೆಗೆ ಅಂತಹ ಮಿತಿಯಿಲ್ಲ. ರೆಸಾರ್ಟುಗಳ ಸಾಲು, ಪ್ಲಾಸ್ಟಿಕ್ ರಾಶಿ, ಏರುವ ಭೂಮಿಯ ಬೆಲೆ ಆಚೆ ದಡಕ್ಕೂ ಬರಬಹುದು. ಮುಳುಗಡೆಯ ಹೊತ್ತಿನಲ್ಲಿ ಇಲ್ಲಿಯವರ ಅಭಿಪ್ರಾಯ ಲೆಕ್ಕಕ್ಕೆ ಬಂದದ್ದು ಕಡಿಮೆ. ಪ್ರವಾಸೋದ್ಯಮದ ಯೋಜನೆ ರೂಪಿಸುವಾಗಲಾದರೂ ತುಮರಿಯ ಗ್ರಾಮಸ್ಥರ ಮಾತು ಮೊದಲು ಕೇಳಿಸಬೇಕು. ಆರು ದಶಕ ಕಾದು ಪಡೆದ ದಾರಿ ಮೊದಲು ಅವರದು, ಆಮೇಲೆ ಪ್ರವಾಸಿಗರದು.