ಗರಿಯಿಂದ ಮಾಂಸಕ್ಕೆ: ಔಟ್ಸ್‌ಹೂರ್ನಿನ ಉಷ್ಟ್ರಪಕ್ಷಿ ಸಾಕಣೆ

ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಬರ್ಗ್ ಮತ್ತು ಔಟೆನಿಕ್ವಾ ಬೆಟ್ಟಸಾಲುಗಳ ನಡುವೆ ಕ್ಲೈನ್ ಕರೂ ಎಂಬ ಮಳೆ ಕಡಿಮೆಯ ಬಯಲಿದ್ದು, ಅದರ ಮುಖ್ಯ ಪಟ್ಟಣವಾದ ಔಟ್ಸ್‌ಹೂರ್ನ್ ಇಂದು ಉಷ್ಟ್ರಪಕ್ಷಿಯ ಮಾಂಸಕ್ಕೂ ಚರ್ಮಕ್ಕೂ ಹೆಸರಾಗಿದೆ. ಆದರೆ ಅಲ್ಲಿ ಈ ಸಾಕಣೆ ಹುಟ್ಟಿದ್ದು ಯುರೋಪಿನ ಹೆಂಗಸರ ಟೋಪಿಯ ಸಲುವಾಗಿ. ಮೊದಲ ಐವತ್ತು ವರ್ಷ ಒಳ್ಳೆಯ ಗರಿ ಬಿಡುವ ಹಕ್ಕಿಯನ್ನು ಕೊಯ್ಯುವುದೆಂದರೆ ಕರೆಯುವ ಹಸುವನ್ನು ಕಟುಕನಿಗೆ ಕೊಟ್ಟಷ್ಟೇ ದಡ್ಡತನವಾಗಿತ್ತು. (ಕನ್ನಡದ ‘ಉಷ್ಟ್ರ’, ಪಾರಸಿಯ ‘ಶುತುರ್’, ವೈಜ್ಞಾನಿಕ ಹೆಸರಿನ ‘ಕ್ಯಾಮೆಲಸ್’ ಮೂರೂ ಒಂಟೆಯನ್ನೇ ಸೂಚಿಸುವುದರಿಂದ, ಈ ಹಕ್ಕಿಯ ಕತ್ತನ್ನು ಕಂಡವರಿಗೆಲ್ಲ ನೆನಪಾದ ಪ್ರಾಣಿ ಒಂದೇ ಎಂದು ತೋರುತ್ತದೆ.)

ಔಟ್ಸ್‌ಹೂರ್ನ್ ಆಗ ಸೇರಿದ್ದ ಕೇಪ್ ವಸಾಹತಿನ 1865ರ ಗಣತಿಯಲ್ಲಿ ಸಾಕಿದ ಉಷ್ಟ್ರಪಕ್ಷಿಗಳು ಕೇವಲ 80. ಅಲ್ಲಿಯವರೆಗೆ ಗರಿ ದೊರೆಯುತ್ತಿದ್ದುದು ಬಹುಮಟ್ಟಿಗೆ ಬೇಟೆಯಿಂದ. ತಂತಿಬೇಲಿ ಬಂದು, ನೀರಾವರಿಯಲ್ಲಿ ಲೂಸರ್ನ್, ಅಂದರೆ ನಮ್ಮ ಹೈನುಗಾರರು ಕುದುರೆಮಸಾಲೆ ಎನ್ನುವ ಮೇವಿನ ಸೊಪ್ಪು, ಹುಲುಸಾಗಿ ಬೆಳೆಯತೊಡಗಿದ ಮೇಲೆ ಹಕ್ಕಿಯನ್ನು ಹೊಲದಲ್ಲೇ ಇಟ್ಟು ಮೇಯಿಸುವುದು ಸಾಧ್ಯವಾಯಿತು. 1869ರಲ್ಲಿ ಆರ್ಥರ್ ಡಗ್ಲಾಸ್ ಎಂಬ ಕೃಷಿಕ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಹದಕ್ಕೆ ತಂದನು. ಹಗಲು ಹೆಣ್ಣು, ರಾತ್ರಿ ಗಂಡು ಸರದಿಯಲ್ಲಿ ಕೂತು ಸುಮಾರು 42 ದಿನ ಮಾಡುತ್ತಿದ್ದ ಕೆಲಸವನ್ನು ಪೆಟ್ಟಿಗೆಗೆ ವಹಿಸಿದ್ದರಿಂದ, ಮೊಟ್ಟೆ ಎತ್ತಿದಷ್ಟೂ ಹಕ್ಕಿ ಮತ್ತೆ ಮತ್ತೆ ಇಡುವಂತಾಯಿತು.

ಗರಿ ತೆಗೆಯುವ ಕೆಲಸಕ್ಕೆ ತನ್ನದೇ ನಾಜೂಕಿತ್ತು. ಒದ್ದರೆ ಮನುಷ್ಯನ ಹೊಟ್ಟೆ ಸೀಳಬಲ್ಲ ಹಕ್ಕಿಯನ್ನು ಒಂದು ತುದಿ ಕಿರಿದಾದ ಮರದ ಕಟಕಟೆಗೆ ಅಟ್ಟಿ ತಲೆಗೆ ಬಟ್ಟೆಯ ಚೀಲ ತೊಡಿಸಿದರೆ, ಕತ್ತಲಾಯಿತೆಂದುಕೊಂಡು ಅದು ಸುಮ್ಮನೆ ನಿಲ್ಲುತ್ತಿತ್ತು. ರೆಕ್ಕೆಯ ಬಿಳಿ ಗರಿಗಳನ್ನು ಕೀಳದೆ ಬುಡದಿಂದ ಮೇಲಕ್ಕೆ ಕತ್ತರಿಸಿ, ಉಳಿದ ಮೋಟುಗಳು ಒಣಗಲು ಬಿಟ್ಟು, ತಿಂಗಳೆರಡು ಕಳೆದ ಮೇಲೆ ಎಳೆದು ತೆಗೆಯುತ್ತಿದ್ದರು. ಹಸಿಯಾಗಿ ಕಿತ್ತರೆ ರಕ್ತ ಬಂದು ಮುಂದಿನ ಗರಿ ಕೆಡುತ್ತಿತ್ತು.

ಲಿಥುವೇನಿಯಾದಿಂದ ವಲಸೆ ಬಂದ ಯಹೂದಿ ವರ್ತಕರು ತೋಟದಿಂದ ತೋಟಕ್ಕೆ ಅಲೆದು ಕೊಂಡ ಗರಿ ಲಂಡನ್ನಿನ ಹರಾಜಿಗೆ ಹೋಗುತ್ತಿತ್ತು. ಹಕ್ಕಿ ಪರರ ಕೈಸೇರದಿರಲೆಂದು 1880ರ ದಶಕದಲ್ಲಿ ಕೇಪ್ ಸರ್ಕಾರ ರಫ್ತಾಗುವ ಪ್ರತಿ ಹಕ್ಕಿಗೆ 100 ಪೌಂಡ್, ಮೊಟ್ಟೆಗೆ 5 ಪೌಂಡ್ ಸುಂಕ ಹೇರಿತಾದರೂ, ಅಷ್ಟರಲ್ಲಿ ಅದು ಕ್ಯಾಲಿಫೋರ್ನಿಯಾವನ್ನು ತಲುಪಿಯಾಗಿತ್ತು. 1911ರಲ್ಲಂತೂ ದಟ್ಟ ಗರಿಯ ‘ಬಾರ್ಬರಿ’ ತಳಿಯನ್ನು ಹುಡುಕಲು ರಸೆಲ್ ಥಾರ್ನ್‌ಟನ್ನನ ನೇತೃತ್ವದ ತಂಡವೊಂದು ಉತ್ತರ ನೈಜೀರಿಯಾದವರೆಗೆ ಹೋಗಿ ನೂರಕ್ಕೂ ಹೆಚ್ಚು ಹಕ್ಕಿಗಳನ್ನು ತಂದಿತು. 1913ರಲ್ಲಿ ದೇಶದ ರಫ್ತಿನಲ್ಲಿ ಚಿನ್ನ, ವಜ್ರ, ಉಣ್ಣೆಗಳ ಬೆನ್ನಿಗೆ ಗರಿಯದೇ ಸ್ಥಾನವಾಗಿದ್ದು, ಹಕ್ಕಿಗಳ ಸಂಖ್ಯೆ ಏಳೂವರೆ ಲಕ್ಷ ಮುಟ್ಟಿತ್ತು. ಔಟ್ಸ್‌ಹೂರ್ನಿನಲ್ಲಿ ‘ಗರಿಯ ಅರಮನೆ’ ಎಂದೇ ಕರೆಯಲಾದ ಮರಳುಗಲ್ಲಿನ ಮಹಲುಗಳು ಎದ್ದಿದ್ದವು. ಮರುವರ್ಷ ಎಲ್ಲವೂ ಕುಸಿಯಿತು. ಯುದ್ಧವೂ ಅತಿಯಾದ ಉತ್ಪಾದನೆಯೂ ಇದಕ್ಕೆ ಕಾರಣವೆಂಬುದು ನಿಜವೇ. ತೆರೆದ ಮೋಟಾರು ಕಾರಿನ ಗಾಳಿಯಲ್ಲಿ ಅಗಲ ಟೋಪಿ ನಿಲ್ಲದೆಂಬ ಸಣ್ಣ ಸಂಗತಿಯೂ ಅಷ್ಟೇ ನಿಜ.

ಮಾಂಸ ಈ ಪಾಳುಬಿದ್ದ ಕಸುಬಿನ ಉಳಿಕೆಯಾಗಿ ಮುಂದೆ ಬಂದಿತು. ಹಿಂದೆ ಮುದಿ ಹಕ್ಕಿಗಳ ಮಾಂಸವನ್ನು ಉಪ್ಪು ಸವರಿ ಒಣಗಿಸಿ, ಬಿಲ್ಟಾಂಗ್ ಎಂಬ ಪಟ್ಟಿಗಳನ್ನಾಗಿ ತಿನ್ನುತ್ತಿದ್ದರಷ್ಟೆ. 1945ರಲ್ಲಿ ರೈತರ ಸಹಕಾರ ಸಂಘ ಸ್ಥಾಪನೆಯಾಗಿ, 1960ರ ದಶಕದ ಮೊದಲರ್ಧದಲ್ಲಿ ಔಟ್ಸ್‌ಹೂರ್ನಿನಲ್ಲಿ ಈ ಹಕ್ಕಿಗೆಂದೇ ಕಸಾಯಿಖಾನೆ, ಆಮೇಲೆ ಚರ್ಮ ಹದಮಾಡುವ ಕಾರ್ಖಾನೆ ಬಂದವು. ಹಾರುವ ಹಕ್ಕಿಗಳ ಎದೆಮೂಳೆಯಲ್ಲಿ ರೆಕ್ಕೆಯ ಸ್ನಾಯು ಹಿಡಿದುಕೊಳ್ಳಲು ಒಂದು ಏಣು ಇರುತ್ತದೆ. ಉಷ್ಟ್ರಪಕ್ಷಿ, ಎಮು, ರಿಯಾಗಳಲ್ಲಿ ಅದಿಲ್ಲದೆ ಮೂಳೆ ತೆಪ್ಪದಂತೆ ಚಪ್ಪಟೆಯಾಗಿರುವುದರಿಂದ, ತೆಪ್ಪವೆಂಬ ಅರ್ಥದ ಲ್ಯಾಟಿನ್ ಪದದಿಂದಲೇ ಈ ಗುಂಪಿಗೆ ‘ರ್‍ಯಾಟೈಟ್’ ಎಂಬ ಹೆಸರು ಬಂದಿದೆ. ಹೀಗಾಗಿ ಕೋಳಿಯಲ್ಲಿ ಎದೆಗೆ ಸಿಗುವ ಬೆಲೆ ಇಲ್ಲಿ ತೊಡೆಗೆ ಸಿಗುತ್ತದೆ. ದನದ ಮಾಂಸದಂತೆ ಕಡುಗೆಂಪಾದ ಅದರಲ್ಲಿ ಕೊಬ್ಬು ಸ್ನಾಯುವಿನ ಹೊರಗೇ ಇರುವುದರಿಂದ ಸುಲಭವಾಗಿ ಕತ್ತರಿಸಿ ತೆಗೆಯಬಹುದು. 1990ರ ದಶಕದಲ್ಲಿ ಹುಚ್ಚು ಹಸು ರೋಗಕ್ಕೆ ಹೆದರಿದ ಯುರೋಪು ಇದರತ್ತ ತಿರುಗಿತು. 2011ರ ಹಕ್ಕಿಜ್ವರದ ನಂತರ ಅದೇ ಯುರೋಪು ಹಸಿಮಾಂಸಕ್ಕೆ ಬಾಗಿಲು ಮುಚ್ಚಿತು.

ಔಟ್ಸ್‌ಹೂರ್ನಿನ ಕಸಾಯಿಖಾನೆಯನ್ನೂ ಗಿರಾಕಿಯನ್ನೂ ಬಿಟ್ಟು ಹಕ್ಕಿಯನ್ನಷ್ಟೇ ಎರವಲು ಪಡೆದ ಕಡೆಗಳಲ್ಲಿ ಕತೆ ಬೇರೆಯಾಯಿತು. ವರ್ಣಭೇದದ ವಿರುದ್ಧ 1986ರಲ್ಲಿ ನಿರ್ಬಂಧ ಹೇರಿದ ಅಮೆರಿಕದಲ್ಲಿ ಕೌಬಾಯ್ ಬೂಟಿನ ಚರ್ಮಕ್ಕೆ ತತ್ವಾರವಾಗಿ ಸಾಕಣೆ ಹಬ್ಬಿತಾದರೂ, ಮಾಂಸಕ್ಕಿಂತ ತಳಿಜೋಡಿಗಳನ್ನು ಮುಂದಿನ ರೈತನಿಗೆ ಮಾರುವುದೇ ವ್ಯಾಪಾರವಾಗಿ, 1990ರ ದಶಕ ಮುಗಿಯುವ ಮೊದಲೇ ನೆಲಕಚ್ಚಿತು. ಅದೇ ರ್‍ಯಾಟೈಟ್ ಗುಂಪಿನ, ಆಸ್ಟ್ರೇಲಿಯಾದ ಎಮುವನ್ನು ಆಂಧ್ರ, ತಮಿಳುನಾಡು, ಕರ್ನಾಟಕಗಳಲ್ಲಿ ಸಾಕತೊಡಗಿದಾಗಲೂ ರೈತರಿಗೆ ಮಾರಲಾದದ್ದು ಮರಿ ಮತ್ತು ಭರವಸೆ; ತಿನ್ನುವವರು ಮಾತ್ರ ಹೆಚ್ಚಲಿಲ್ಲ. 2012ರಲ್ಲಿ ಈರೋಡಿನ ಪೆರುಂದುರೈ ಸುತ್ತಲಿನ ಹೂಡಿಕೆ ಯೋಜನೆಗಳು ಮುರಿದುಬಿದ್ದು ನಡೆಸುತ್ತಿದ್ದವರು ಮರೆಯಾದಾಗ, ಕೊಟ್ಟಿಗೆಗಳಲ್ಲಿ ಹಸಿದು ನಿಂತ ಸಾವಿರಾರು ಎಮುಗಳಿಗೆ ಮೇವು ಹಾಕುವ ಕೆಲಸ ಕೊನೆಗೆ ತಮಿಳುನಾಡು ಸರ್ಕಾರದ ಪಾಲಿಗೆ ಬಂದಿತು.